ಅಂಚೆಚೀಟಿಯ ಮೇಲಣ ತಾವರೆ

ಕೊಪ್ಪಳದಿಂದ ಮುಂಡರಗಿಯ ಕಡೆಗೆ ಸಾಗುವಾಗ ಅಳವಂಡಿ ಎಂಬ ಊರು ಸಿಗುತ್ತದೆ. ಸುತ್ತಲೂ ಎರೆಯ ಹೊಲ. ಮಳೆ ಹುಯ್ದರೆ ಕಾಲಿಗೆ ಅಂಟಿ ಬಿಡದ, ಬೇಸಗೆ ಬಂದರೆ ಬಾಯಿಬಿಟ್ಟು ಬಿರಿಯುವ ಕಪ್ಪು ನೆಲ. ಆ ಊರಿನ ವಿದ್ಯಾರ್ಥಿಗಳಿಗೆ ಒಮ್ಮೆ ನಾವು ನಮ್ಮಲ್ಲಿದ್ದ ಅಂಚೆಚೀಟಿಗಳ ಆಲ್ಬಮನ್ನು ತೋರಿಸುತ್ತಿದ್ದೆವು. ಹೂಗಳ ಪುಟ ಬಂದಾಗ ತಾವರೆಯ ಚೀಟಿಯನ್ನು ತೋರಿಸಿ, ಇದು ನಮ್ಮ ರಾಷ್ಟ್ರೀಯ ಪುಷ್ಪವೆಂದು ಎಲ್ಲ ಉಪಾಧ್ಯಾಯರೂ ಹೇಳುವಂತೆ ಹೇಳಿದೆವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, "ಸರ, ತಾವರಿ ನಮ್ಮೂರಾಗ ಒಂದೂ ಇಲ್ರಿ. ನಾವು ಕಣ್ಣಿಲೆ ನೋಡಿದ್ದೂ ಇಲ್ಲ. ಅದು ನಮ್ಮ ಹೂವು ಹೆಂಗ ಆತ್ರಿ?" ಎಂದು ಕೇಳಿದಳು.

ತರಗತಿ ನಕ್ಕಿತು. ನಮಗೆ ಮಾತ್ರ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ದಿನ ಏನೋ ಹೇಳಿ ಪಾರಾದೆವು. ಆದರೆ ಪ್ರಶ್ನೆ ನಗುವಂಥದಲ್ಲ. ಕಣ್ಣಿಗೆ ಬೀಳದ ಹೂವೊಂದು ಕೋಟ್ಯಂತರ ಜನರ ಹೆಸರಿನಲ್ಲಿ ಹೇಗೆ ನಿಲ್ಲುತ್ತದೆ? ಒಂದು ಅಂಗುಲ ಅಗಲದ ಕಾಗದದ ಚೂರಿನ ಮೇಲೆ ಅದನ್ನು ಅಚ್ಚುಹಾಕಿದಾಗ ರಾಷ್ಟ್ರವು ತನ್ನ ಬಗ್ಗೆ ಏನನ್ನು ಹೇಳಿಕೊಂಡಂತಾಯಿತು? ಈ ಲೇಖನವು ಆ ಹುಡುಗಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ತಿಳಿಯಬಹುದು.

ಅಂಚೆಚೀಟಿಯೆಂದರೆ ಮೂಲತಃ ಒಂದು ರಸೀತಿ. ಸಾಗಾಟದ ಹಣವನ್ನು ಮುಂಗಡವಾಗಿ ಪಡೆದಿದ್ದೇವೆಂದು ಸರ್ಕಾರ ಕೊಡುವ ಗುರುತು. ಆದುದರಿಂದಲೇ ಅದರ ಮೇಲಣ ಚಿತ್ರವು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ಹಣ ಪಡೆದವರು ಯಾರು, ಆಳುವವರು ಯಾರು ಎಂಬುದನ್ನು ಅದು ಸಾರುತ್ತದೆ. ಈ ಸಂಗತಿಯನ್ನು ಅಳವಂಡಿಯ ಹಿರಿಯರು ಪುಸ್ತಕವಿಲ್ಲದೆಯೇ ಬಲ್ಲವರಾಗಿದ್ದರು. 1948ರ ಸೆಪ್ಟೆಂಬರಿನವರೆಗೆ ಈ ಊರು ಹೈದರಾಬಾದು ನಿಜಾಮರ ಸಂಸ್ಥಾನದ ಅಂಚಿನಲ್ಲಿತ್ತು. ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಚೀಟಿ. 1869ರಷ್ಟು ಹಿಂದೆಯೇ ಅದು ಆರಂಭವಾಗಿತ್ತು. ಆದರೆ ಆ ಚೀಟಿ ಸಂಸ್ಥಾನದ ಗಡಿಯೊಳಗೆ ಮಾತ್ರ ನಡೆಯುತ್ತಿತ್ತು. ಹೀಗಾಗಿ ಅಳವಂಡಿಯಿಂದ ನೂರಾರು ಮೈಲು ದೂರದ ಬೀದರಿಗೆ ಬರೆದ ಕಾಗದಕ್ಕೆ ನಿಜಾಮರ ಚೀಟಿ ಸಾಕಾಗುತ್ತಿತ್ತು. ಕೆಲವೇ ಹರದಾರಿಯಾಚೆಗಿದ್ದ ಮುಂಡರಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿಗೆ ಬರೆದ ಕಾಗದಕ್ಕೆ ಭಾರತ ಸರ್ಕಾರದ ಚೀಟಿ ಬೇಕಾಗುತ್ತಿತ್ತು. ಮುಂದೆ 1947–48ರಲ್ಲಿ ಹೈದರಾಬಾದು ವಿಮೋಚನೆಯ ಹೋರಾಟಗಾರರು ಅಳವಂಡಿಯ ಶಿವಮೂರ್ತಿ ಸ್ವಾಮಿಗಳ ನೇತೃತ್ವದಲ್ಲಿ ಶಿಬಿರ ಹೂಡಿದುದು ಇದೇ ಗಡಿಯಾಚೆಯ ಮುಂಡರಗಿಯಲ್ಲಿ.

ನಿಜಾಮರ ಚೀಟಿಗಳ ಮೇಲೆ ಹೂವಿಗೆ ಪ್ರಧಾನ ಸ್ಥಾನವಿರಲಿಲ್ಲ. 1931ರ ಮಾಲೆಯಲ್ಲಿ ಚಾರ್‌ಮಿನಾರ್, ಉಸ್ಮಾನ್ ಸಾಗರ, ಅಜಂತೆಯ ಗುಹೆಗಳ ಪ್ರವೇಶದ್ವಾರ, ದೌಲತಾಬಾದಿನ ಗೋಪುರ, ಹಾಗೂ ನಮ್ಮ ಬೀದರಿನ ಮಹಮೂದ್ ಗವಾನನ ಮದರಸೆ ಕಾಣಬರುತ್ತವೆ. ಕಟ್ಟಡವು ಕಟ್ಟಿಸಿದ ದೊರೆಯನ್ನು ನೆನಪಿಸುತ್ತದೆ. ಹೂವನ್ನು ಯಾವ ದೊರೆಯೂ ಕಟ್ಟಿಸಲಿಲ್ಲ. ರಾಜರಿಲ್ಲದ ರಾಷ್ಟ್ರಗಳಿಗೆ ಹೂವು ಚಿಹ್ನೆಯಾಗಿ ಒಗ್ಗಿದುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನಮ್ಮ ಊಹೆ.

ಆದರೆ ರಾಜರೂ ಹೂವನ್ನು ಬಿಟ್ಟವರಲ್ಲ. ಜಪಾನಿನ ಚೀಟಿಗಳನ್ನು ನೋಡಿರಿ. ಅಲ್ಲಿ ಚಕ್ರವರ್ತಿಯ ಮುಖವನ್ನು ಚೀಟಿಯ ಮೇಲೆ ಅಚ್ಚುಹಾಕಿ ಅದಕ್ಕೆ ಮಸಿಯ ಮುದ್ರೆ ಒತ್ತುವುದು ಅಪಚಾರವೆನಿಸುತ್ತಿತ್ತು. ಮುಖದ ಬದಲಿಗೆ ಅರಮನೆಯ ಲಾಂಛನವಾದ ಸೇವಂತಿಗೆಯನ್ನು 1872ರಿಂದ ಅಚ್ಚುಹಾಕುತ್ತ ಬಂದರು. ಎರಡನೆಯ ಮಹಾಯುದ್ಧದಲ್ಲಿ ಸೋತು, ಹೊಸ ಸಂವಿಧಾನವನ್ನು ಪಡೆದ 1947ರ ಸುಮಾರಿಗೆ ಆ ಸೇವಂತಿಗೆ ಚೀಟಿಗಳಿಂದ ಮರೆಯಾಯಿತು. ಒಂದು ಹೂವು ಚೀಟಿಯಿಂದ ಇಳಿದುದು ಅಲ್ಲಿ ಒಂದು ರಾಜ್ಯಪದ್ಧತಿಯೇ ಇಳಿದುದರ ಗುರುತು. ಬ್ರಿಟನ್ನಿನಲ್ಲಿ ಮತ್ತೊಂದು ಬಗೆ. 1952ರಿಂದ ಹೊರಬಂದ ಎರಡನೆಯ ಎಲಿಜಬೆತ್ ರಾಣಿಯ ಚೀಟಿಗಳಲ್ಲಿ ರಾಣಿಯ ತಲೆಯ ಸುತ್ತ ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಥಿಸಲ್ ಎಂಬ ಮುಳ್ಳುಗಿಡದ ಹೂ, ವೇಲ್ಸಿನ ಡ್ಯಾಫೊಡಿಲ್, ಉತ್ತರ ಐರ್ಲೆಂಡಿನ ಮೂರೆಲೆಯ ಶ್ಯಾಮ್ರಾಕ್ ಇವನ್ನು ಹೆಣೆದಿದ್ದರು. ನಾಲ್ಕು ನಾಡುಗಳು ಒಬ್ಬ ರಾಣಿಯ ಅಡಿಯಲ್ಲಿವೆಯೆಂಬ ರಾಜಕೀಯ ವಾಕ್ಯವನ್ನು ಅಕ್ಷರವಿಲ್ಲದೆ ಬರೆದಂತಾಯಿತು.

ಚೀಟಿಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ನಿತ್ಯದ ಬಳಕೆಗಾಗಿ ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚಾಗುವುವು ಒಂದು ಬಗೆ. ಒಬ್ಬ ವ್ಯಕ್ತಿ, ಘಟನೆ ಅಥವಾ ವಿಷಯದ ನೆನಪಿಗಾಗಿ ಗೊತ್ತಾದ ಸಂಖ್ಯೆಯಲ್ಲಿ ಒಮ್ಮೆ ಮಾತ್ರ ಅಚ್ಚಾಗುವುವು ಸ್ಮಾರಕ ಚೀಟಿಗಳು. ಭಾರತದ ಮೊದಲ ಸ್ಮಾರಕ ಮಾಲೆ 1931ರಲ್ಲಿ, ಹೊಸದಿಲ್ಲಿಯ ಪ್ರಾರಂಭೋತ್ಸವಕ್ಕಾಗಿ ಹೊರಟಿತು. 1967ರಲ್ಲಿ ಬಸವೇಶ್ವರರ ಚೀಟಿ ಬಂದಿತು. ನಮ್ಮ ಹೂಗಳ ಮಾಲೆ ಬಂದುದು 1977ರ ಜುಲೈ 1ರಂದು. ನಾಲ್ಕು ಚೀಟಿಗಳು — ತಾವರೆ, ಹಿಮಾಲಯದ ರೋಡೊಡೆಂಡ್ರನ್, ಕದಂಬ ಮತ್ತು ಅಗ್ನಿಶಿಖೆ.

ಇಷ್ಟು ತಡವೇಕಾಯಿತೆಂದು ಕೇಳಬಹುದು. ಒಂದು ಕಾರಣ ಅಚ್ಚಿನ ವಿದ್ಯೆಯಲ್ಲಿದೆ. ತಾವರೆಯ ದಳವು ತುದಿಯಲ್ಲಿ ಗುಲಾಬಿ, ಬುಡಕ್ಕೆ ಬರುತ್ತ ಬಿಳಿ. ನಡುವೆ ಎಲ್ಲಿಯೂ ಗೆರೆಯಿಲ್ಲ. ಉಬ್ಬಚ್ಚಿನಲ್ಲಿ ಮಸಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥ ಛಾಯೆಯನ್ನು ತೋರುವುದು ಕಷ್ಟ. ಫೋಟೊಗ್ರೇವ್ಯೂರ್ ಎಂಬ ವಿಧಾನದಲ್ಲಿ ತಾಮ್ರದ ಉರುಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ಕೊರೆಯುತ್ತಾರೆ. ಗುಳಿ ಆಳವಾದಷ್ಟೂ ಮಸಿ ಹೆಚ್ಚು ನಿಂತು ಬಣ್ಣ ಗಾಢವಾಗುತ್ತದೆ, ತೆಳುವಾದರೆ ತಿಳಿ. ನಾಸಿಕದ ಭದ್ರತಾ ಮುದ್ರಣಾಲಯದಲ್ಲಿ ಈ ವಿಧಾನದಿಂದ ಮೊದಲು ಅಚ್ಚಾದುವು 1952ರ ಸಂತ ಹಾಗೂ ಕವಿಗಳ ಚೀಟಿಗಳು, ಅವೂ ಒಂದೊಂದು ಬಣ್ಣದವು. ಬಹುವರ್ಣದ ಅಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಉರುಳೆ ಬೇಕು, ಎಲ್ಲವೂ ಕೂದಲೆಳೆಯಷ್ಟೂ ತಪ್ಪದೆ ಒಂದರ ಮೇಲೊಂದು ಕೂಡಬೇಕು. ಭೂತಗನ್ನಡಿ ಹಿಡಿದು ಹೂವಿನ ಚೀಟಿಯನ್ನು ನೋಡಿದರೆ ಈ ಚುಕ್ಕೆಗಳ ಹೆಣಿಗೆ ಕಾಣುತ್ತದೆ. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬೇಕು.

ಆ ನಾಲ್ಕರಲ್ಲಿ ತಾವರೆಗೆ ದೊರೆತ ಬೆಲೆ 25 ಪೈಸೆ, ಎಲ್ಲಕ್ಕಿಂತ ಕಡಿಮೆ. ಅಗ್ಗವೆಂದು ಹೀಗಳೆಯಬಾರದು. ಆಗ ದೇಶದೊಳಗಿನ ಸಾಮಾನ್ಯ ಲಕೋಟೆಗೆ ಹಚ್ಚುತ್ತಿದ್ದುದೇ 25 ಪೈಸೆಯ ಚೀಟಿ. ಮಗಳ ಹೆರಿಗೆಯ ಸುದ್ದಿ, ಮಗನ ನೌಕರಿಯ ಅರ್ಜಿ ಇವನ್ನೆಲ್ಲ ಹೊರುವ ಕೆಲಸ ರಾಷ್ಟ್ರೀಯ ಪುಷ್ಪದ ಪಾಲಿಗೆ ಬಂದಿತು.

ಇನ್ನು ತಾವರೆಯೇ ಏಕೆ? ಲಕ್ಷ್ಮಿಯ ಪೀಠ, ಬ್ರಹ್ಮನ ಹುಟ್ಟು, ಬುದ್ಧನ ಆಸನ ಎಂದು ಹೇಳಿ ಮುಗಿಸುವುದುಂಟು. ಆದರೆ ಅಳವಂಡಿಯ ಹುಡುಗಿಗೆ ಇನ್ನೂ ಹತ್ತಿರದ ಸಾಕ್ಷಿಯುಂಟು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಅದೇ ಅಶೋಕನು ಸಾರನಾಥದಲ್ಲಿ ನಿಲ್ಲಿಸಿದ ಕಂಬದ ಬೋದಿಗೆಯಲ್ಲಿ ನಾಲ್ಕು ಸಿಂಹಗಳ ಪೀಠದ ಕೆಳಗೆ ಗಂಟೆಯ ಆಕಾರದಲ್ಲಿ ಕೆಳಮುಖವಾಗಿ ಇಳಿಬಿದ್ದ ತಾವರೆಯಿದೆ. 1950ರ ಜನವರಿ 26ರಂದು ಈ ಬೋದಿಗೆಯನ್ನು ರಾಷ್ಟ್ರಲಾಂಛನವಾಗಿ ಸ್ವೀಕರಿಸಿದಾಗ ಸಿಂಹ, ಚಕ್ರ, ಕುದುರೆ, ಗೂಳಿಗಳನ್ನು ಇಟ್ಟುಕೊಂಡು ತಾವರೆಯನ್ನು ಬಿಟ್ಟುಬಿಟ್ಟರು. ಲಾಂಛನದಿಂದ ಕಳಚಿದ ಹೂವು ಬೇರೊಂದು ಬಾಗಿಲಿನಿಂದ ರಾಷ್ಟ್ರೀಯ ಪುಷ್ಪವಾಗಿ ಒಳಗೆ ಬಂದಿತೆನ್ನಬಹುದು. ಕೊಪ್ಪಳವು ಹಿಂದೆ ಕೊಪಣವೆಂಬ ಜೈನ ತೀರ್ಥ. ಜೈನರಲ್ಲಿ ಆರನೆಯ ತೀರ್ಥಂಕರ ಪದ್ಮಪ್ರಭನ ಲಾಂಛನ ಕೆಂದಾವರೆ. ಇನ್ನು ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳ ಭುವನೇಶ್ವರಿಯಲ್ಲಿ ತಲೆಯೆತ್ತಿ ನೋಡಿದರೆ ಅರಳಿದ ಕಲ್ಲುದಾವರೆ ಅಪರೂಪವಲ್ಲ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ ಇದೇ ಜಿಲ್ಲೆಯಲ್ಲಿ, ಇದೇ ಪರಂಪರೆಯಲ್ಲಿ ನಿಂತಿದೆ. ನೀರಿಲ್ಲದ ನಾಡಿಗೆ ತಾವರೆ ಬಂದುದು ಬೀಜದಿಂದಲ್ಲ, ಉಳಿಯಿಂದ. ಒಂದು ಧರ್ಮದವರು ಮಾತ್ರ ತಂದುದೂ ಅಲ್ಲ.

ಇಲ್ಲಿ ಸಸ್ಯಶಾಸ್ತ್ರದ ಒಂದು ಎಚ್ಚರಿಕೆ ಅವಶ್ಯ. ಇಪ್ಪತ್ತೊಂದನೆಯ ತೀರ್ಥಂಕರ ನಮಿನಾಥನ ಲಾಂಛನ ನೀಲೋತ್ಪಲ. ಇದನ್ನು 'ನೀಲಿ ಕಮಲ'ವೆಂದು ಬರೆಯುವವರಿದ್ದಾರೆ, ಅದು ತಪ್ಪು. ನೆಲಂಬೊ ಎಂಬ ತಾವರೆಯ ಕುಲದಲ್ಲಿ ಎರಡೇ ಪ್ರಭೇದಗಳು: ನಮ್ಮ ಏಷ್ಯದ ಗುಲಾಬಿ ಅಥವಾ ಬಿಳಿಯ ತಾವರೆ, ಅಮೆರಿಕದ ಹಳದಿ ತಾವರೆ. ನೀಲಿ ತಾವರೆ ಪ್ರಕೃತಿಯಲ್ಲಿಲ್ಲ. ನೀಲೋತ್ಪಲವೆಂದರೆ ಕನ್ನೈದಿಲೆ, ಅಂದರೆ ನಿಂಫಿಯ ಕುಲದ ಗಿಡ. ಗುರುತಿಸುವುದು ಸುಲಭ. ತಾವರೆಯ ಎಲೆ ಬೆಳೆದಂತೆ ನೀರಿನಿಂದ ಮೇಲಕ್ಕೆದ್ದು ಕೊಡೆಯಂತೆ ನಿಲ್ಲುತ್ತದೆ, ಸುತ್ತಲೂ ಎಲ್ಲಿಯೂ ಸೀಳಿಲ್ಲ, ತೊಟ್ಟು ನಟ್ಟನಡುವೆ ಸೇರುತ್ತದೆ. ನೈದಿಲೆಯ ಎಲೆ ನೀರಿನ ಮೇಲೆ ತೇಲುತ್ತದೆ, ಒಂದು ಕಡೆ ತೊಟ್ಟಿನವರೆಗೆ ಸೀಳಿರುತ್ತದೆ. ತಾವರೆಯ ನಡುವೆ ತೂತುತೂತಾದ ಬುಗುರಿಯಂಥ ಪೀಠವಿದೆ, ನೈದಿಲೆಗೆ ಅದಿಲ್ಲ. ಈ ಭೇದಕ್ಕೆ ರಾಷ್ಟ್ರಗಳ ಮಟ್ಟದಲ್ಲಿಯೂ ಬೆಲೆಯುಂಟು: ಭಾರತದ್ದು ತಾವರೆ, ಶ್ರೀಲಂಕೆಯದು ನೀಲಿ ನೈದಿಲೆ, ಬಾಂಗ್ಲಾದೇಶದ್ದು 'ಶಾಪ್ಲಾ' ಎಂಬ ಬಿಳಿ ನೈದಿಲೆ. ಚೀಟಿ ಸಂಗ್ರಹಿಸುವವರು ಮೂರನ್ನೂ 'ಕಮಲ'ವೆಂದು ಒಂದೇ ಪುಟಕ್ಕೆ ಅಂಟಿಸಿದರೆ ಮೂರು ದೇಶಗಳನ್ನು ಕಲಸಿದಂತಾಗುತ್ತದೆ.

ತಾವರೆ ಮತ್ತು ನೈದಿಲೆ ಹತ್ತಿರದ ನೆಂಟರೆಂದು ಹಿಂದಿನ ಸಸ್ಯಶಾಸ್ತ್ರಜ್ಞರೂ ನಂಬಿದ್ದರು. 1990ರ ದಶಕದಲ್ಲಿ ಡಿ.ಎನ್.ಎ. ಹೋಲಿಕೆಯಿಂದ ಬೇರೆಯೇ ಸಂಗತಿ ತಿಳಿದುಬಂದಿತು. ತಾವರೆಯ ನೆಂಟರು ನೀರಿನಲ್ಲಿಲ್ಲ, ನೆಲದ ಮೇಲಿದ್ದಾರೆ: ಪ್ಲೇನ್ ಎಂಬ ದೊಡ್ಡ ಮರಗಳು ಹಾಗೂ ಪ್ರೋಟಿಯ ಪೊದೆಗಳು. ದಕ್ಷಿಣ ಆಫ್ರಿಕದ ರಾಷ್ಟ್ರೀಯ ಪುಷ್ಪ ಒಂದು ಪ್ರೋಟಿಯವೇ. ನಮ್ಮ ತಾವರೆಯ ಚೀಟಿ ಬಂದ 1977ರಲ್ಲಿಯೇ ಆ ದೇಶವೂ ಪ್ರೋಟಿಯಗಳ ನಿತ್ಯಬಳಕೆಯ ಚೀಟಿಗಳನ್ನು ಹೊರಡಿಸಿತು. ಎರಡೂ ದೇಶಗಳ ನಡುವೆ ಆಗ ವರ್ಣಭೇದ ನೀತಿಯ ಕಾರಣದಿಂದ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಹೂಗಳು ಮಾತ್ರ ಒಂದೇ ಗಣದವು.

ಕೆಸರಿನಲ್ಲಿದ್ದೂ ಕೆಸರು ಅಂಟದ್ದು ಎಂಬುದು ತಾವರೆಗೆ ನಮ್ಮ ಹಿರಿಯರು ಕಟ್ಟಿದ ಮುಖ್ಯ ಅರ್ಥ. ಇದು ಕವಿಸಮಯ ಮಾತ್ರವಲ್ಲ. ಜರ್ಮನಿಯ ಬಾರ್ತ್‌ಲಾಟ್ ಮತ್ತು ನೈನ್‌ಹೂಯಿಸ್ ಎಂಬ ವಿಜ್ಞಾನಿಗಳು 1997ರಲ್ಲಿ ಇದರ ಕಾರಣವನ್ನು ವಿವರಿಸಿದರು. ತಾವರೆಯೆಲೆಯ ಮೇಲ್ಮೈ ನುಣುಪಾಗಿಲ್ಲ. ಸೂಕ್ಷ್ಮದರ್ಶಕದಲ್ಲಿ ಅದು ಸಣ್ಣ ಸಣ್ಣ ಗುಬ್ಬಿಗಳಿಂದ ತುಂಬಿದೆ, ಗುಬ್ಬಿಗಳ ಮೇಲೆ ಮೇಣದ ಎಳೆಗಳಿವೆ. ನೀರಿನ ಹನಿ ಗುಬ್ಬಿಗಳ ತುದಿಯನ್ನಷ್ಟೆ ಮುಟ್ಟುತ್ತದೆ, ಕೆಳಗೆ ಗಾಳಿ ಉಳಿಯುತ್ತದೆ. ಹನಿ ಗುಂಡಾಗಿ ಉರುಳುವಾಗ ಧೂಳನ್ನು ಎತ್ತಿಕೊಂಡು ಹೋಗುತ್ತದೆ. ಹೂವಿನ ವಿಷಯವೂ ಸೋಜಿಗದ್ದೇ. ಆಸ್ಟ್ರೇಲಿಯದಲ್ಲಿ ಅಳೆದು 1996ರಲ್ಲಿ ಪ್ರಕಟಿಸಿದಂತೆ, ಹೊರಗಿನ ಗಾಳಿ 10 ಡಿಗ್ರಿಗೆ ಇಳಿದರೂ ಅರಳುವ ತಾವರೆ ತನ್ನೊಳಗೆ 30ರಿಂದ 36 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಕಾಯ್ದುಕೊಳ್ಳುತ್ತದೆ. ಪರಾಗ ಹೊರುವ ದುಂಬಿಗಳಿಗೆ ಅದೊಂದು ಬೆಚ್ಚನೆಯ ಮನೆ. ಚೀನದ ಒಣಗಿದ ಕೆರೆಯ ತಳದಲ್ಲಿ ಸಿಕ್ಕಿದ ಸುಮಾರು 1300 ವರ್ಷ ಹಳೆಯ ಬೀಜವೊಂದು ಮೊಳೆತುದನ್ನು 1995ರಲ್ಲಿ ವರದಿಮಾಡಿದರು. ಎರೆನೆಲದ ಮಕ್ಕಳಿಗೆ ಈ ಕೊನೆಯ ಮಾತು ಹೆಚ್ಚು ರುಚಿಸೀತು.

ಕರ್ನಾಟಕದವರಾದ ನಮಗೆ ಆ ಮಾಲೆಯ ಇನ್ನೊಂದು ಚೀಟಿ ತಾವರೆಗಿಂತಲೂ ಆಪ್ತ: ಕದಂಬ. ಬನವಾಸಿಯ ಕದಂಬರು ಹೆಸರು ಪಡೆದುದು ಈ ಮರದಿಂದ. ಮನೆಯ ಬಳಿಯಿದ್ದ ಕದಂಬವೃಕ್ಷವನ್ನು ಪೋಷಿಸುತ್ತಿದ್ದ ಕುಲವೆಂದು ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಹೊನ್ನಿನ ಚೆಂಡಿನಂತೆ ಕಾಣುವ ಕದಂಬದ ಹೂ ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳು ಒತ್ತಾಗಿ ಕೂಡಿದ ಗೊಂಚಲು. ಪರೀಕ್ಷೆಯಲ್ಲಿ ಇದನ್ನು ಒಂದು ಹೂವೆಂದು ಬರೆದು ಅಂಕ ಕಳೆದುಕೊಂಡವರನ್ನು ನಾವು ಬಲ್ಲೆವು.

ಉಳಿದೆರಡು ಹೂಗಳು ನೆರೆಹೊರೆಯವರಿಗೂ ಸೇರಿದವು. ರೋಡೊಡೆಂಡ್ರನ್ ನೇಪಾಳದ ರಾಷ್ಟ್ರೀಯ ಪುಷ್ಪ. ಅಗ್ನಿಶಿಖೆ, ನಮ್ಮಲ್ಲಿ ಗೌರಿಹೂವೆಂದೂ ಹೆಸರಾದುದು, ತಮಿಳುನಾಡಿನ ರಾಜ್ಯಪುಷ್ಪ, ಆಫ್ರಿಕದ ಜಿಂಬಾಬ್ವೆಯ ರಾಷ್ಟ್ರೀಯ ಪುಷ್ಪ. ಅದರ ಗಡ್ಡೆ ಕಡುವಿಷ. ಕಾಲ್ಚಿಸಿನ್ ಎಂಬ ಔಷಧ ಅದರಲ್ಲಿದೆ.

1982ರ ಮೇ ತಿಂಗಳಲ್ಲಿ ಹಿಮಾಲಯದ ಹೂಗಳ ಮಾಲೆ ಬಂದಿತು. ಅದರಲ್ಲಿದ್ದ ನೀಲಿ ಪಾಪಿ ಭೂತಾನದ ರಾಷ್ಟ್ರೀಯ ಪುಷ್ಪಕ್ಕೆ ಸಂಬಂಧಿಸಿದ ಕುಲದ್ದು. ಇನ್ನೊಂದು ಚೀಟಿ ಬ್ರಹ್ಮಕಮಲದ್ದು. ಇದನ್ನು ತೋರಿಸಿದಾಗಲೆಲ್ಲ ಯಾರಾದರೊಬ್ಬರು "ಇದು ಬ್ರಹ್ಮಕಮಲವಲ್ಲ, ನಮ್ಮ ಮನೆಯಲ್ಲಿರುವುದೇ ಬೇರೆ" ಎಂದು ವಾದಕ್ಕೆ ಬರುತ್ತಾರೆ. ಅವರ ಕಣ್ಣು ಸರಿ, ಹೆಸರು ತಪ್ಪು. ನಮ್ಮ ಮನೆಗಳಲ್ಲಿ ಮಳೆಗಾಲದ ರಾತ್ರಿ ಅರಳಿ, ನೆರೆಯವರನ್ನೆಲ್ಲ ಕರೆದು ಪೂಜೆಮಾಡಿಸಿಕೊಂಡು, ಬೆಳಗಾಗುವುದರೊಳಗೆ ಬಾಡುವ ಹೂವು ಮೆಕ್ಸಿಕೊ ಕಡೆಯಿಂದ ಬಂದ ಒಂದು ಪಾಪಾಸುಕಳ್ಳಿಯ ಜಾತಿ. ಉತ್ತರಾಖಂಡದ ರಾಜ್ಯಪುಷ್ಪವಾದ ನಿಜವಾದ ಬ್ರಹ್ಮಕಮಲ ಎತ್ತರದ ಹಿಮಾಲಯದಲ್ಲಿ ಬೆಳೆಯುವ ಸೇವಂತಿಗೆಯ ಕುಟುಂಬದ ಗಿಡ. ಅದು ಕಮಲವೂ ಅಲ್ಲ. ಅಳವಂಡಿಯ ಎರೆಹೊಲದಲ್ಲಿ ಮುಳ್ಳುಮುಳ್ಳಾಗಿ ನಿಲ್ಲುವ ಕುಸುಬಿ, ಸ್ಕಾಟ್ಲೆಂಡಿನ ಥಿಸಲ್ ಮತ್ತು ಈ ಬ್ರಹ್ಮಕಮಲ, ಮೂರೂ ಆ ಕುಟುಂಬದ ಒಂದೇ ಪಂಗಡದವು. ತಾವರೆ ಇಲ್ಲದ ಊರಿನಲ್ಲಿ ಬ್ರಹ್ಮಕಮಲದ ದಾಯಾದಿ ಎಣ್ಣೆಗಾಣಕ್ಕೆ ಹೋಗುತ್ತಿದೆ.

ಪರಿಮಳದ ಮಾತನ್ನು ಚುಟುಕಾಗಿ ಹೇಳುವೆವು. 2006ರ ಡಿಸೆಂಬರಿನಲ್ಲಿ ಶ್ರೀಗಂಧದ, 2007ರಲ್ಲಿ ಗುಲಾಬಿಯ, 2008ರಲ್ಲಿ ಮಲ್ಲಿಗೆಯ ಕಂಪುಳ್ಳ ಚೀಟಿಗಳನ್ನು ಭಾರತದ ಅಂಚೆ ಇಲಾಖೆ ಹೊರಡಿಸಿತು. ಮಲ್ಲಿಗೆ ಪಾಕಿಸ್ತಾನದ ರಾಷ್ಟ್ರೀಯ ಪುಷ್ಪ. ಕೊಪ್ಪಳದವರಿಗೆ ಅದು ತುಂಗಭದ್ರೆಯಾಚೆಯ ಹೂವಿನಹಡಗಲಿಯಿಂದ ಬರುವ ಸಂತೆಯ ಸರಕು. ಇಂಥ ಚೀಟಿಗಳಲ್ಲಿ ಸುಗಂಧವನ್ನು ಅತಿಸೂಕ್ಷ್ಮ ಕೋಶಗಳಲ್ಲಿ ಮುಚ್ಚಿ ಲೇಪಿಸುವ ವಿಧಾನ ಜಗತ್ತಿನಲ್ಲಿ ಬಳಕೆಯಲ್ಲಿದೆ. ಉಜ್ಜಿದರೆ ಕೋಶ ಒಡೆದು ವಾಸನೆ ಹೊರಡುತ್ತದೆ. ಸಂಗ್ರಹಕಾರರು ಇವನ್ನು ನೀರಿನಲ್ಲಿ ನೆನೆಹಾಕಬಾರದು, ಪದೇ ಪದೇ ಉಜ್ಜಲೂಬಾರದು.

ಮತ್ತೆ ಆ ಹುಡುಗಿಯ ಪ್ರಶ್ನೆಗೆ ಬರೋಣ. ರಾಷ್ಟ್ರದ ಹೂವು ಎಲ್ಲರ ಹಿತ್ತಿಲಲ್ಲಿಯೂ ಬೆಳೆಯಬೇಕಾಗಿಲ್ಲ, ಎಲ್ಲರ ಕಥೆಗಳಲ್ಲಿ ಬೆಳೆದಿದ್ದರೆ ಸಾಕು ಎಂಬುದು ಒಂದು ಉತ್ತರ. ಆದರೆ ಅದೊಂದೇ ಉತ್ತರವಲ್ಲ. ಅಳವಂಡಿಯಂತೆಯೇ ಹಿಂದೆ ನಿಜಾಮರ ಸಂಸ್ಥಾನದಲ್ಲಿದ್ದ ತೆಲಂಗಾಣವು 2014ರಲ್ಲಿ ಬೇರೆ ರಾಜ್ಯವಾದಾಗ ಆರಿಸಿಕೊಂಡುದು ತಾವರೆಯನ್ನಲ್ಲ; ತಂಗೇಡು ಹೂವನ್ನು. ಅಲ್ಲಿನ ಹೆಂಗಸರು ಬತುಕಮ್ಮ ಹಬ್ಬದಲ್ಲಿ ಹೂರಾಶಿಯನ್ನು ಕಟ್ಟುವುದು ಇದರಿಂದಲೇ. ಬಂಜರಿನಲ್ಲಿ, ದಾರಿಯ ಬದಿಯಲ್ಲಿ ಹಳದಿಯಾಗಿ ಅರಳುವ, ತೊಗಟೆಯಿಂದ ಚರ್ಮ ಹದಮಾಡಲು ಒದಗುವ ಈ ಪೊದೆ ಕೊಪ್ಪಳದ ಜನಕ್ಕೆ ಹೊಸದಲ್ಲ: ನಮ್ಮ ತಂಗಡಿ ಅಥವಾ ಆವರಿಕೆ. ಕರ್ನಾಟಕವು ರಾಜ್ಯಪುಷ್ಪವಾಗಿ ತಾವರೆಯನ್ನೇ ಇಟ್ಟುಕೊಂಡಿದೆ. ಎರಡರಲ್ಲಿ ಯಾವುದು ಸರಿಯೆಂದು ತೀರ್ಪುಕೊಡುವುದು ನಮ್ಮ ಕೆಲಸವಲ್ಲ. ಆದರೆ ತಂಗಡಿಯನ್ನು ಆರಿಸಿದವರ ಧೈರ್ಯ ನಮಗೆ ಮೆಚ್ಚಿಕೆಯಾಯಿತು.

ಇದನ್ನೆಲ್ಲ ಹೇಳಲು ನಾವು ಮತ್ತೊಮ್ಮೆ ಅಳವಂಡಿಗೆ ಹೋದೆವು. ತಮ್ಮ ಊರಿಗೊಂದು ಚೀಟಿ ಬಂದರೆ ಯಾವ ಹೂವಿರಬೇಕೆಂದು ಮಕ್ಕಳಿಗೆ ಕೇಳಿ, ಚೀಟಿಯ ಅಳತೆಯ ಕಾಗದಗಳನ್ನು ಹಂಚಿದೆವು. ಹತ್ತಿ ಬಂದಿತು, ಕುಸುಬಿ ಬಂದಿತು, ಎಕ್ಕೆಯೂ ಬಂದಿತು. ಆ ಹುಡುಗಿ ತಂಗಡಿಯನ್ನು ಬರೆದಿದ್ದಳು. ಐದು ದಳ ಸರಿಯಾಗಿದ್ದುವು, ಕೇಸರಗಳು ಮಾತ್ರ ಏಳೇ. ಹತ್ತಿರಬೇಕಲ್ಲವೆ ಎಂದು ಕೇಳಿದೆವು. ಅವಳು ಹೊರಗೆ ಹೋಗಿ ಬೇಲಿಯ ಬದಿಯಿಂದ ಒಂದು ಹೂ ಕಿತ್ತು ತಂದು, ಭೂತಗನ್ನಡಿಯ ಕೆಳಗೆ ಬಹಳ ಹೊತ್ತು ಎಣಿಸಿ, "ಹತ್ತು ಅದಾವ್ರಿ ಸರ. ಮೂರು ಸಣ್ಣವು, ಅವಕ್ಕ ಪರಾಗ ಇಲ್ರಿ, ಅದಕ್ಕ ಬರದಿದ್ದಿಲ್ಲ" ಎಂದಳು.

ತಂಗಡಿಯ ಹತ್ತು ಕೇಸರಗಳಲ್ಲಿ ಮೇಲಣ ಮೂರು ಬಂಜೆಯಾದವೆಂಬುದು ಪುಸ್ತಕದಲ್ಲಿಯೂ ಇದೆ. ಅವಳು ಪೆನ್ಸಿಲಿನಿಂದ ಆ ಮೂರನ್ನು ತೆಳುವಾಗಿ ಸೇರಿಸಿದಳು.